ಹೆಸರು ಕತ್ತರಿಸಿದ ದಾರಗಳು

ನಮ್ಮೂರ ದವಾಖಾನೆಯ ದಾರದ ಕೋಣೆಯ ಬೀಗದ ಕೈ ಇಪ್ಪತ್ತೆರಡು ವರ್ಷ ನನ್ನ ಸೊಂಟದಲ್ಲಿತ್ತು. ಈಗ ಇಲ್ಲ. ಯಾಕಿಲ್ಲ ಎಂಬುದಕ್ಕೆ ಊರಿನಲ್ಲಿ ಒಂದು ಸುದ್ದಿ ಓಡಾಡುತ್ತಿದೆ. ಅದನ್ನು ಹುಟ್ಟಿಸಿದವಳು ನಾನೇ. ನೀವು ಈ ಕಡೆಯವರಲ್ಲವಾದ್ದರಿಂದ ನಿಜ ಹೇಳುತ್ತೇನೆ. ಎಲ್ಲರ ಹೆಸರನ್ನೂ ಬದಲಿಸಿದ್ದೇನೆ. ಬರೀ ಹೆಸರು ತೆಗೆದರೆ ಸಾಲದೆಂದು ನನ್ನಷ್ಟು ಪೆಟ್ಟು ತಿಂದು ಕಲಿತವರು ಬೇರೆ ಯಾರೂ ಇರಲಿಕ್ಕಿಲ್ಲ, ಹಾಗಾಗಿ ಊರಿನ ಹೆಸರನ್ನೂ ಹೇಳುವುದಿಲ್ಲ. ನನ್ನನ್ನು ಹಂಪವ್ವ ಅನ್ನಿ.

ದವಾಖಾನೆಗೆ ಬಂದವರಿಗೆ ನಾವು ಒಂದೂವರೆ ಗೇಣು ಬಿಳಿ ದಾರ ಕೊಡುತ್ತೇವೆ. ಅದನ್ನು ಅವರೇ, ಒಂದು ಕೈಯಿಂದ, ಬೇಕಾದರೆ ಹಲ್ಲಿನಿಂದ ಎಳೆದು, ಎಡ ಮುಂಗೈಗೆ ಸಡಿಲವಾಗಿ ಕಟ್ಟಿಕೊಂಡು ಬಾಗಿಲಾಚೆಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂರಬೇಕು. ಆಮೇಲೆ ಗಂಟು ಬಿಚ್ಚದೆ, ಬಳೆ ಜಾರಿಸಿದ ಹಾಗೆ ತೆಗೆದುಕೊಟ್ಟರೆ ಡಾಕ್ಟರ್ ಶೇಷಗಿರಿಯವರು ಅದನ್ನು ತಮ್ಮ ಕೈಗೆ ಹಾಕಿಕೊಳ್ಳುತ್ತಾರೆ. ರೋಗಿಯ ಮೊಣಕಾಲು ನೋಯುತ್ತಿದ್ದರೆ ಅವರ ಮೊಣಕಾಲೂ ನೋಯುತ್ತದೆ. ಔಷಧಿ ಬರೆದು ದಾರ ತೆಗೆದರೆ ನೋವೂ ಹೋಯಿತು. ಆ ದಾರಕ್ಕೆ ಹೆಸರಿನ ಚೀಟಿ ಹೊಲಿದು ಡಬ್ಬಿಯಲ್ಲಿ ಇಡುವುದು ನನ್ನ ಕೆಲಸ. ಅವರವರ ದಾರ ಅವರವರಿಗೆ ಏನೂ ಮಾಡುವುದಿಲ್ಲ, ಇನ್ನೊಬ್ಬರದಾದರೆ ಮಾತ್ರ ಮೈಗೆ ಹತ್ತುತ್ತದೆ. ಆದ್ದರಿಂದ ನಾನು ಇಕ್ಕಳವಿಲ್ಲದೆ ದಾರ ಮುಟ್ಟಿದವಳಲ್ಲ. ಒಮ್ಮೆ ಮಾತ್ರ ಮೈಮರೆತು ಗೌಂಡಿಯೊಬ್ಬನ ದಾರವನ್ನು ಬೆರಳಿಗೆ ಸುತ್ತಿಕೊಂಡು, ಅವನ ಹುಳುಕು ಹಲ್ಲಿನ ನೋವಿಗೆ ನೆಲದ ಮೇಲೆ ಕೂತು ಗೋಳೋ ಎಂದು ಅತ್ತಿದ್ದೆ.

ಇನ್ನು ಗಂಟಿನ ವಿಷಯ. ನಮ್ಮಲ್ಲಿ ಒಬ್ಬೊಬ್ಬರದೂ ಒಂದೊಂದು ಗಂಟು. ಯಾರೂ ಕಲಿಸುವುದಿಲ್ಲ, ನಡಿಗೆಯ ಹಾಗೆ ತಾನಾಗಿ ಬರುತ್ತದೆ. ಬುತ್ತಿಯ ಬಟ್ಟೆ, ಕರುವಿನ ಹಗ್ಗ, ಸಂತೆಯ ಮೂಟೆ, ಎಲ್ಲಕ್ಕೂ ಕೈ ಅದೇ ಗಂಟು ಹಾಕುತ್ತದೆ. ಕಟ್ಟಿದವರು ತುದಿ ಹಿಡಿದು ಒಮ್ಮೆ ಎಳೆದರೆ ಬಿಚ್ಚಿಕೊಳ್ಳುತ್ತದೆ, ಬೇರೆಯವರಾದರೆ ಉಗುರು ಮುರಿದುಕೊಂಡು ಕೊನೆಗೆ ಕತ್ತರಿ ಹುಡುಕಬೇಕು. ಇನ್ನೊಬ್ಬರ ಗಂಟನ್ನು ದಿಟ್ಟಿಸಿ ನೋಡುವುದು ಉಣ್ಣುವವರ ತಟ್ಟೆಗೆ ಇಣುಕಿದಷ್ಟೇ ಕೆಟ್ಟ ನಡತೆ. ಚಿಕ್ಕಂದಿನಿಂದ ಕಣ್ಣು ತಿರುಗಿಸಿ ತಿರುಗಿಸಿ ನಮಗೆ ಗಂಟುಗಳು ಕಾಣುವುದೇ ನಿಂತುಹೋಗಿತ್ತು. ನನ್ನ ತಪ್ಪಿನ ಬೇರು ಇಲ್ಲೇ ಇದೆ.

ಶಾವಕ್ಕ ನಮ್ಮೂರ ಸೂಲಗಿತ್ತಿ. ನನ್ನ ಇಬ್ಬರು ಮಕ್ಕಳನ್ನೂ ಮೊದಲು ಎತ್ತಿಕೊಂಡ ಕೈ ಅವಳದು. ಎರಡು ವರ್ಷದ ಹಿಂದೆ ಒಂದು ಹೆರಿಗೆಯಲ್ಲಿ ತಾಯಿ, ಕೂಸು ಇಬ್ಬರೂ ಅವಳ ಕೈಯಲ್ಲೇ ಹೋದರು. ಅವಳದೇನೂ ತಪ್ಪಿರಲಿಲ್ಲ, ಡಾಕ್ಟರೂ ಅಲ್ಲೇ ಇದ್ದರು, ಊರು ಕೂಡ ಅವಳನ್ನು ದೂರಲಿಲ್ಲ. ಅವಳು ಮಾತ್ರ ಆಮೇಲೆ ಮನೆಯಲ್ಲಿ ಒಲೆ ಹಚ್ಚುವುದನ್ನು ಬಿಟ್ಟಳು. ಕರೆದಲ್ಲಿಗೆ ಹೋಗಿ ಹೆರಿಗೆ ಮಾಡಿಸಿ ಬಂದು, ಗೋಡೆಗೆ ಮುಖ ಹಾಕಿ ಮಲಗುವಳು. ತಿಂಗಳಿಗೊಂದು ಮಂಗಳವಾರ ಹಿಂದಿನ ಬಾಗಿಲಿನಿಂದ ದವಾಖಾನೆಗೆ ಬರುತ್ತಿದ್ದಳು. ಮೊದಲ ಸಲ ಅವಳ ದಾರ ಹಾಕಿಕೊಂಡ ಡಾಕ್ಟರು, ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರೂ, ಮೇಜಿನ ಮೇಲೆ ಹಣೆಯಿಟ್ಟು ಕೂತುಬಿಟ್ಟಿದ್ದರು. ಔಷಧಿ ನಿಧಾನಕ್ಕೆ ಹಿಡಿಯಿತು. ಎಂಟನೇ ತಿಂಗಳಿಗೆ ಒಮ್ಮೆ ನಕ್ಕಳು, ನಾನು ಅದನ್ನು ನೋಡಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ. ಆವತ್ತೇ ಅವಳು ನನ್ನ ಕೈ ಹಿಡಿದು ಹೇಳಿದ್ದು.

"ಇದು ಊರಿಗೆ ಗೊತ್ತಾದ್ರ ನನ್ನ ಕೈಯಾಗ ಯಾರೂ ಬಸರಿ ಹೆಣ್ಣಮಗಳನ್ನ ಕೊಡೂದಿಲ್ಲ, ಹಂಪವ್ವ. ಆ ಕೆಲಸ ಐತಂತ ನಾ ಇನ್ನೂ ಮುಂಜಾನಿ ಏಳತೀನಿ."

ಯಾರಿಗೂ ಗೊತ್ತಾಗುವುದಿಲ್ಲ ಎಂದು ನಾನು ಅವಳ ಕೈ ಮುಟ್ಟಿ ಮಾತು ಕೊಟ್ಟೆ.

ಹೋದ ವರ್ಷ ಪೇಟೆಯ ತುದಿಯಲ್ಲಿ ಒಂದು ಕಂಪನಿ ಅಂಗಡಿ ತೆರೆಯಿತು. ಅದನ್ನು ನೋಡಿಕೊಳ್ಳುವವನು ಜಯತೀರ್ಥ ಎಂಬ ಬಿಳಿ ಅಂಗಿಯ ಮನುಷ್ಯ. ಎಷ್ಟು ಮರ್ಯಾದಸ್ಥನೆಂದರೆ ಎಮ್ಮೆ ಎದುರಾದರೂ ದಾರಿ ಬಿಟ್ಟು ನಿಲ್ಲುತ್ತಿದ್ದ. ಅವನು ದವಾಖಾನೆಗೆ ಬಂದು ಗೆದ್ದಲು ಹತ್ತಿದ ನಮ್ಮ ಡಬ್ಬಿಗಳನ್ನು ನೋಡಿ ನಿಜವಾಗಿಯೂ ಮರುಗಿದ. ಕಬ್ಬಿಣದ ಕಪಾಟು ಕೊಡುತ್ತೇವೆ, ಬಡವರಿಗೆ ವರ್ಷಪೂರ್ತಿ ಪುಕ್ಕಟೆ ಔಷಧಿ ಕೊಡುತ್ತೇವೆ, ಸುಮ್ಮನೆ ಬಿದ್ದಿರುವ ಹಳೆಯ ದಾರಗಳನ್ನು ನಮಗೆ ಕೊಡಿ ಎಂದ. ಊರಿನ ಜನಕ್ಕೆ ಯಾವ ಯಾವ ಕಾಯಿಲೆ ಇವೆ ಎಂದು ತಿಳಿದರೆ ಅಂಗಡಿಗೆ ಸರಿಯಾದ ಸಾಮಾನು ತರಿಸಬಹುದಂತೆ. ಬೇರೆ ಊರುಗಳಲ್ಲಿ ಇದಕ್ಕೆಲ್ಲ ಮೊಬೈಲ್ ಸಾಕು, ಜನ ತಾವಾಗಿಯೇ ಒತ್ತಿ ಒತ್ತಿ ಹೇಳಿಬಿಡುತ್ತಾರೆ, ನಿಮ್ಮಲ್ಲಿ ದಾರ ಇದೆಯಲ್ಲ ಎಂದು ನಕ್ಕ. ಹೆಸರು ಮಾತ್ರ ಬೇಡವೇ ಬೇಡ ಎಂದು ಕೈ ಮುಗಿದ.

ಡಾಕ್ಟರಿಗೆ ಮನಸ್ಸಿರಲಿಲ್ಲ. ಆದರೆ ಔಷಧಿ ಇಲ್ಲದೆ ಜನ ವಾಪಸು ಹೋಗುವುದನ್ನು ನೋಡಿ ನೋಡಿ ಅವರಿಗೂ ಸಾಕಾಗಿತ್ತು. ನನ್ನತ್ತ ತಿರುಗಿ ನೀನೇನಂತೀ ಎಂದು ಕೇಳಿದರು. ಹೆಸರು ತೆಗೆದ ಮೇಲೆ ಉಳಿಯುವುದು ಏನು, ಬರೀ ನೂಲು ಎಂದೆ ನಾನು. ಇಪ್ಪತ್ತೆರಡು ವರ್ಷದ ಅನುಭವಸ್ಥೆ ಹೇಳಿದ ಮೇಲೆ ಮುಗಿಯಿತಲ್ಲ. ಒಂಬತ್ತು ದಿನ ಕೂತು, ಇಕ್ಕಳದಿಂದ ಹಿಡಿದು, ಪ್ರತಿಯೊಂದು ದಾರದ ಚೀಟಿಯನ್ನೂ ನಾನೇ ಕತ್ತರಿಸಿದೆ. ಶಾವಕ್ಕನ ಹದಿನೆಂಟು ದಾರಗಳ ಚೀಟಿಗಳನ್ನು ಕತ್ತರಿಸಿ, ಸಾಲದೆಂದು ಒಲೆಗೂ ಹಾಕಿದೆ. ಒಂದು ಹೆಸರೂ ಉಳಿದಿಲ್ಲ ಎಂದು ನನಗೆ ಹೆಮ್ಮೆಯೋ ಹೆಮ್ಮೆ.

ಜನರ ಒಪ್ಪಿಗೆಯನ್ನೂ ಕಂಪನಿ ಮರೆಯಲಿಲ್ಲ. ನಾಲ್ಕು ಮೊಳ ಉದ್ದದ ಕಾಗದವೊಂದನ್ನು ದವಾಖಾನೆಯ ಬಾಗಿಲಿಗೆ ಅಂಟಿಸಿದರು. ಅಕ್ಷರಗಳು ಸಾಸಿವೆಗಿಂತ ಸಣ್ಣವು. ಕೆಳಗೆ, ಹೊಸ್ತಿಲಿಗೆ ತಾಗಿದ ಜಾಗದಲ್ಲಿ, ಈ ಬಾಗಿಲು ದಾಟಿದವರು ಒಪ್ಪಿದಂತೆ ಎಂದು ಬರೆದಿತ್ತು. ಕಾಯಿಲೆಯವರು ಬಾಗಿಲು ದಾಟದೆ ಇನ್ನೆಲ್ಲಿಗೆ ಹೋಗುತ್ತಾರೆ?

ಎರಡು ತಿಂಗಳ ಮೇಲೆ ಪೊಟ್ಟಣಗಳು ಬರತೊಡಗಿದವು. ವಾರಕ್ಕೊಂದು ಓಣಿಯಂತೆ, ಪ್ರತಿ ಶುಕ್ರವಾರ ಕಂಪನಿಯ ಗಾಡಿ ಮನೆ ಮನೆಯ ಮುಂದೆ ನಿಲ್ಲುತ್ತಿತ್ತು. ಕೇಳದೆಯೇ ಕೊಡುವ ಉಡುಗೊರೆ, ಇಷ್ಟವಾದರೆ ಮುಂದಿನ ಸಲ ಅಂಗಡಿಗೆ ಬಂದು ಕೊಳ್ಳಿ ಎಂಬ ಚೀಟಿ ಅದರೊಳಗೆ. ಜೊತೆಗೆ, ತಮ್ಮ ಪ್ರಾಮಾಣಿಕತೆಗೆ ಸಾಕ್ಷಿಯೆಂದು, ಆ ಮನೆಯವರದೇ ಒಂದು ಹಳೆಯ ದಾರವನ್ನು ವಾಪಸು ಇಟ್ಟಿರುತ್ತಿದ್ದರು. ಮೊದಲ ವಾರ ಗರಡಿಮನೆಯ ಪರಸಪ್ಪನಿಗೆ ನಡುವೆ ತೂತಿದ್ದ ದಿಂಬು ಬಂತು. ಮೂಲವ್ಯಾಧಿಯವರು ಕೂರುವ ದಿಂಬು. ಇಡೀ ಊರು ಮೂರು ದಿನ ನಕ್ಕಿತು, ನಾನೂ ನಕ್ಕೆ. ಎರಡನೇ ವಾರ ಕಂಬಾರ ಓಣಿಯ ಹುಡುಗಿಯೊಬ್ಬಳಿಗೆ ತೊನ್ನಿನ ಮುಲಾಮು ಬಂತು. ಬೆನ್ನ ಮೇಲೆ ಒಂದು ಬೆರಳಿನಷ್ಟು ಬಿಳಿ ಮಚ್ಚೆ, ಡಾಕ್ಟರಿಗೂ ಅವಳ ತಾಯಿಗೂ ಬಿಟ್ಟರೆ ಯಾರಿಗೂ ತಿಳಿಯದ್ದು. ಸಂಜೆಯೊಳಗೆ ಗಂಡಿನ ಕಡೆಯವರು ನಿಶ್ಚಯದ ಸೀರೆ ವಾಪಸು ಕೇಳಿದರು. ಆಮೇಲೆ ಯಾರೂ ನಗಲಿಲ್ಲ.

ಹೆಸರುಗಳನ್ನು ನಾನೇ ಕತ್ತರಿಸಿದ್ದೆ, ಮತ್ತೆ ಇವರಿಗೆ ಮನೆ ಗೊತ್ತಾದದ್ದು ಹೇಗೆ? ನೋಡೇಬಿಡೋಣ ಎಂದು ಒಂದು ದಿನ ಕಂಪನಿಯ ಅಂಗಡಿಗೆ ಹೋದೆ. ಸಂತೆಯಲ್ಲಿ ಕೊಂಡ ನಾಲ್ಕು ಸಾಮಾನನ್ನು ಬಟ್ಟೆಯಲ್ಲಿ ಮೂಟೆ ಕಟ್ಟಿಕೊಂಡು ಹಾಗೇ ಹೋಗಿದ್ದೆ. ಜಯತೀರ್ಥ ಎದ್ದು ನಿಂತು ನಮಸ್ಕಾರ ಮಾಡಿ, ಮೂಟೆಯನ್ನು ಎರಡೂ ಕೈಯಿಂದ ತೆಗೆದುಕೊಂಡು ದುಡ್ಡಿನ ಗಲ್ಲೆಯ ಪಕ್ಕ ಇಟ್ಟ. ಇಡುವ ಮೊದಲು ಅದರ ಗಂಟನ್ನು ನೋಡಿದ. ಸುಮ್ಮನೆ ಕಣ್ಣು ಹಾಯಿಸಿದ್ದಲ್ಲ, ನೆಟ್ಟು ನೋಡಿದ, ನಮ್ಮಲ್ಲಿ ಯಾರೂ ನೋಡದ ಹಾಗೆ. ಒಂದು ಖಾನೆ ಎಳೆದು, ಒಳಗೆ ಅದೇ ಗಂಟಿದ್ದ ದಾರವೊಂದರತ್ತ ಬೆರಳು ತೋರಿಸಿದ. ಅಂಗಡಿಗೆ ಬಂದ ಎಲ್ಲರ ಮೂಟೆಯನ್ನೂ ಹೀಗೇ ನೋಡಿರಬೇಕು. ಮೂವರು ಗಿರಾಕಿಗಳು ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವನು ನನ್ನ ಮುಂದೆ ಒಂದು ಕಟ್ಟು ಮಡಿಸಿದ ಹತ್ತಿಬಟ್ಟೆಗಳನ್ನು ಇಟ್ಟ. ಕೆಮ್ಮಿದರೆ, ಓಡಿದರೆ, ಜೋರಾಗಿ ನಕ್ಕರೆ ಹನಿಯುವ ಹೆಂಗಸರಿಗೆ ಮಾಡಿದ್ದು. ಹನ್ನೊಂದು ವರ್ಷದಿಂದ ನನ್ನ ಗಂಡನಿಗೂ ಹೇಳದೆ ಇಟ್ಟುಕೊಂಡಿದ್ದ ನನ್ನ ಮಾತು ಗಲ್ಲೆಯ ಮೇಲೆ ಕೂತಿತ್ತು. ನಾಚಿಕೆಯಿಂದ ಕಿವಿ ಸುಟ್ಟುಹೋಯಿತು. ಸತ್ತರೂ ಆಗಬಹುದಿತ್ತು ಅನ್ನಿಸಿತು.

ಗಿರಾಕಿಗಳು ಹೋಗುವವರೆಗೆ ಅಲ್ಲೇ ನಿಂತೆ. ಒಳಕೋಣೆಯ ಪರದೆ ಸರಿದಾಗ ಕಂಡಿತು. ಪರವೂರಿನ ಏಳೆಂಟು ಕೂಲಿಗಳು ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಮುಂಗೈಯಲ್ಲೂ ನಮ್ಮೂರಿನ ಒಂದೊಂದು ದಾರ. ನರಳುತ್ತ, ಕೆಮ್ಮುತ್ತ, ಬೆವರೊರೆಸಿಕೊಳ್ಳುತ್ತ, ಎಲ್ಲಿ ನೋಯುತ್ತಿದೆ ಎಂದು ಬರೆದುಕೊಳ್ಳುತ್ತಿದ್ದರು. ದಾರಗಳನ್ನು ವಾಪಸು ಕೊಡಿ ಎಂದು ಜಯತೀರ್ಥನನ್ನು ಕೇಳಿದೆ. ಅವನಿಗೆ ಒಂದಿಷ್ಟೂ ಸಿಟ್ಟು ಬರಲಿಲ್ಲ.

"ನಮ್ಮ ಹತ್ರ ಯಾರ ಹೆಸರೂ ಇಲ್ರಿ ಅಕ್ಕಾರ. ಕಪಾಟ ತಗದು ತೋರಿಸ್ಲೇನು? ಗಂಟು ಅಷ್ಟ ಅದಾವ. ಗಂಟು ಹೆಸರಲ್ಲಲ್ರಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಕಾಗದ ಅವನ ಕಡೆಗಿತ್ತು, ಕತ್ತರಿ ಹಿಡಿದ ಕೈ ನನ್ನದು. ಮುಂದಿನ ಶುಕ್ರವಾರ ಯಾವ ಓಣಿ ಎಂದು ಕೇಳಿದೆ. ಬಾವಿಕಟ್ಟೆಯ ಓಣಿ ಎಂದ. ಶಾವಕ್ಕನ ಮನೆ ಇರುವುದು ಅಲ್ಲೇ.

ಅಷ್ಟರಲ್ಲಿ ಸುದ್ದಿ ಊರಿಗೂ ಹತ್ತಿತು. ಜನ ಮೂಟೆ ಕಟ್ಟುವುದನ್ನೇ ಬಿಟ್ಟು ತೆರೆದ ಬುಟ್ಟಿಯಲ್ಲಿ ಸಾಮಾನು ಒಯ್ಯತೊಡಗಿದರು, ಓಣಿ ಓಣಿಯಲ್ಲಿ ಬದನೆಕಾಯಿ ಉರುಳಾಡಿದವು. ಕೆಲವರು ಹೊಸ ಗಂಟು ಕಲಿಯಲು ಕೂತರು. ಅರ್ಧಕ್ಕೆ ಬರುವಷ್ಟರಲ್ಲಿ ಬೆರಳು ಹಳೆಯದಕ್ಕೇ ಹೋಗುತ್ತಿತ್ತು. ದವಾಖಾನೆಯ ಬೆಂಚು ಖಾಲಿಯಾಯಿತು. ಜ್ವರ ಬಂದವರು ಮನೆಯಲ್ಲೇ ಕಂಬಳಿ ಹೊದ್ದು ಮಲಗಿದರು.

ನಾನು ಶಾವಕ್ಕನ ಮನೆಗೆ ಹೋಗಿ ನಿಜ ಹೇಳಿದೆ. ಅವಳು ಹೆರಿಗೆಗೆ ಬೇಕಾದ ಹಳೆಯ ಬಟ್ಟೆಗಳನ್ನು ಕುದಿಸಿ ಒಣಗಿಸಿ ಮಡಿಸುತ್ತಿದ್ದಳು. ದುಂಡವ್ವನ ಸೊಸೆ ಕಸ್ತೂರಿಗೆ ದಿನ ತುಂಬಿತ್ತು. ಹಿಂದಿನ ಎರಡು ಸಲ ಕೂಸು ಉಳಿದಿರಲಿಲ್ಲ, ಈ ಸಲವೂ ಕೂಸು ಅಡ್ಡ ತಿರುಗಿತ್ತು, ಅದನ್ನು ಹೊರಗಿನಿಂದ ಕೈಯಲ್ಲಿ ನೀವಿ ನೀವಿ ಸರಿಪಡಿಸಿದವಳು ಶಾವಕ್ಕ. ಕಸ್ತೂರಿ ಅವಳನ್ನು ಬಿಟ್ಟು ಬೇರೆಯವರನ್ನು ಹತ್ತಿರ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದಳು. ನನ್ನ ಮಾತು ಕೇಳಿ ಶಾವಕ್ಕ ಬಯ್ಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಆ ಹುಡುಗಿ ಒಂದ ಪಾರಾಗಲಿ," ಎಂದಳು. "ಆಮ್ಯಾಲ ಊರು ನನ್ನ ಏನರ ಮಾಡ್ಲಿ."

ಶುಕ್ರವಾರ ಬೆಳಗಾಗುತ್ತಲೇ ಹೋಗಿ ಶಾವಕ್ಕನ ಮೆಟ್ಟಿಲ ಮೇಲೆ ಕೂತೆ. ಬಾಗಿಲಿಗೆ ಚಿಲಕ ಹಾಕಿತ್ತು, ಕಸ್ತೂರಿಗೆ ನೋವು ಶುರುವಾಗಿ ಅವಳನ್ನು ಆಗಲೇ ಕರೆದೊಯ್ದಿದ್ದರು. ಪೊಟ್ಟಣ ಬಂದ ಕೂಡಲೇ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಸುಟ್ಟುಬಿಡುವುದೆಂದು ನನ್ನ ಲೆಕ್ಕ. ಬಿಸಿಲು ಮೆಟ್ಟಿಲಿಗೆ ಬಂತು. ಗಾಡಿ ಓಣಿಯ ತುದಿಯಿಂದ ಒಂದೊಂದೇ ಮನೆಯ ಮುಂದೆ ನಿಂತು ನಿಂತು ಬಂದು, ನನ್ನೆದುರು ನಿಲ್ಲದೆ ಮುಂದೆ ಹೋಯಿತು. ನಾನು ಓಡಿಹೋಗಿ ಅಡ್ಡ ನಿಂತೆ. ಈ ಮನೆಯದು ಆಗಲೇ ಕೊಟ್ಟಾಯಿತು, ಸೂಲಗಿತ್ತಿ ದುಂಡವ್ವನ ಮನೆಯಲ್ಲಿದ್ದಾಳೆಂದು ಗೊತ್ತಾಗಿ ಬರುವಾಗ ಅಲ್ಲಿಗೇ ಮುಟ್ಟಿಸಿ ಬಂದೆವು, ಎಂದ ಗಾಡಿಯವನು. ಒಳ್ಳೆಯ ಕೆಲಸ ಮಾಡಿದ ಸಂತೋಷ ಅವನ ಮುಖದಲ್ಲಿತ್ತು.

ಓಡಿದರೆ ನನಗೆ ಏನಾಗುತ್ತದೆಂದು ನಿಮಗೆ ಹೇಳಿದ್ದೇನೆ. ಆದರೂ ಓಡಿದೆ. ಎರಡು ಓಣಿ, ಒಂದು ಏರು. ಸೀರೆ ಒದ್ದೆಯಾಯಿತು, ಆಗಲಿ ಎಂದುಕೊಂಡೆ.

ದುಂಡವ್ವನ ಅಂಗಳದಲ್ಲಿ ಓಣಿಯ ಆರೇಳು ಹೆಂಗಸರು ಸೇರಿದ್ದರು. ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು. ಕಸ್ತೂರಿಯ ನರಳಾಟ, ನಡುನಡುವೆ ಶಾವಕ್ಕನ ಸಮಾಧಾನದ ದನಿ ಕೇಳುತ್ತಿತ್ತು. ದುಂಡವ್ವನ ಕೈಯಲ್ಲಿ ಒಡೆದ ಪೊಟ್ಟಣ. ಬಾಟಲಿಯ ಮೇಲೆ ದಪ್ಪ ಅಕ್ಷರದಲ್ಲಿ, ಬಾಳು ಬೇಡವೆನಿಸಿದವರಿಗೆ ದಿನಕ್ಕೆರಡು ಚಮಚ, ಎಂದಿತ್ತು. ಪೊಟ್ಟಣದ ಕಾಗದದೊಳಗೆ ದಾರವಿತ್ತು, ಯಾರೂ ಮುಟ್ಟಿರಲಿಲ್ಲ. ದುಂಡವ್ವ ಕೆಟ್ಟವಳಲ್ಲ. ಎರಡು ಮೊಮ್ಮಕ್ಕಳನ್ನು ಮಣ್ಣು ಮಾಡಿದವಳು, ಹೆದರಿದ್ದಳು. ಇಂಥವಳ ಕೈಗೆ ಸೊಸೆಯನ್ನು ಬಿಡುವುದಿಲ್ಲ, ಈಗಲೇ ಹೊರಗೆ ಎಳೆಯುತ್ತೇನೆ ಎಂದು ಬಾಗಿಲಿನ ಕಡೆ ಹೊರಟಿದ್ದಳು.

ಈ ದಾರವನ್ನು ಅವಳ ಕೈಗೇ ಹಾಕಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಶಾವಕ್ಕ ಏನು ಹೊತ್ತು ನಡೆಯುತ್ತಿದ್ದಾಳೆಂದು ಅವಳಿಗೂ ತಿಳಿದರೆ ಕರಗಿಯಾಳು. ಆದರೆ ಅದು ನಾನು ಕೊಡುವ ವಸ್ತುವಲ್ಲ. ಒಮ್ಮೆ ಕೊಟ್ಟು ಊರು ಹಾಳು ಮಾಡಿದ್ದು ಸಾಕಾಗಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅದು ನಂದು, ದುಂಡವ್ವ," ಎಂದೆ. "ಮನಿ ತಪ್ಪಿ ಬಂದೈತಿ."

ದುಂಡವ್ವ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನನ್ನ ಏದುಸಿರು, ಒದ್ದೆ ಸೀರೆ, ಕೆದರಿದ ತಲೆ ಎಲ್ಲ ಅವಳಿಗೆ ಕಾಣಿಸಿತು. ಬಾಟಲಿಯನ್ನು ನೆಲಕ್ಕಿಟ್ಟು, ದಾರವಿದ್ದ ಕಾಗದವನ್ನು ನನ್ನ ಮುಂದೆ ಚಾಚಿದಳು.

"ನಿಂದಾದ್ರ ಹಾಕ್ಕೊ."

ಅವಳು ದಡ್ಡಿಯಲ್ಲ. ತನ್ನ ದಾರ ತನಗೆ ಏನೂ ಮಾಡುವುದಿಲ್ಲ, ಇನ್ನೊಬ್ಬರದಾದರೆ ಮುಖ ಹೇಳಿಬಿಡುತ್ತದೆ. ಆರೇಳು ಜೊತೆ ಕಣ್ಣುಗಳು ನನ್ನ ಮುಖದ ಮೇಲಿದ್ದವು. ನಾನು ದಾರವನ್ನು ಬರಿಗೈಯಲ್ಲಿ ಎತ್ತಿ ಬಳೆಯ ಹಾಗೆ ಎಡಗೈಗೆ ಏರಿಸಿದೆ.

ಅಳು ಬರುತ್ತದೆ ಎಂದುಕೊಂಡು ಹಲ್ಲು ಕಚ್ಚಿದ್ದೆ. ಅಳು ಬರಲಿಲ್ಲ. ಏನೂ ಬರಲಿಲ್ಲ. ಅಂಗಳದ ಬಿಸಿಲು ಇದ್ದಲ್ಲೇ ಇತ್ತು, ಆದರೆ ಅದು ನನ್ನದಲ್ಲ ಅನ್ನಿಸಿತು. ನನ್ನ ಮಕ್ಕಳ ಮುಖ ನೆನೆಸಿಕೊಳ್ಳಲು ನೋಡಿದೆ, ಯಾರದೋ ಮಕ್ಕಳ ಹಾಗೆ ಬಂದು ಹೋದವು. ಎರಡೂ ಅಂಗೈಗಳಲ್ಲಿ ಒಂದು ಕೂಸಿನ ಭಾರವಿತ್ತು. ಬೆಚ್ಚಗಿದ್ದದ್ದು ಮೆಲ್ಲನೆ ತಣ್ಣಗಾಗುತ್ತಿತ್ತು, ಪೂರಾ ತಣ್ಣಗಾದ ಮೇಲೆ ಮತ್ತೆ ಬೆಚ್ಚಗಿನಿಂದ ಶುರುವಾಗುತ್ತಿತ್ತು. ಇದನ್ನು ಕೈಯಲ್ಲಿ ಇಟ್ಟುಕೊಂಡೇ ಆ ಹೆಂಗಸು ಬಾಗಿಲ ಆಚೆ ಇನ್ನೊಂದು ಕೂಸಿಗೆ ಕೈಯೊಡ್ಡಿ ಕೂತಿದ್ದಳು. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತೆ, ಓಡಿ ದಣಿದವಳ ಹಾಗೆ.

"ಎಷ್ಟ ದಿನದಿಂದ ಐತಿ?" ದುಂಡವ್ವ ಕೇಳಿದಳು.

"ಎರಡ ವರ್ಷ ಆತು." ನನ್ನ ದನಿ ಬೇರೆ ಯಾರದೋ ಇದ್ದಂತೆ ಕೇಳಿಸಿತು, ಆದರೆ ನಡುಗಲಿಲ್ಲ.

ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ತಲೆ ಸರಿಯಿಲ್ಲದವಳ ಸೊಂಟದಲ್ಲಿ ದವಾಖಾನೆಯ ಬೀಗದ ಕೈ ಇದೆಯಲ್ಲ ಎಂದು ಯಾರೋ ಪಿಸುಗುಟ್ಟಿದರು. ಆ ಪಿಸುಮಾತು ಸಂಜೆಗೆ ದವಾಖಾನೆಯ ಮಂಡಳಿಗೆ ಮುಟ್ಟುತ್ತದೆಂದು ನನಗೆ ಆಗಲೇ ತಿಳಿಯಿತು. ದುಂಡವ್ವ ಮಾತ್ರ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತೆನೋ ಹೇಳಲಾರೆ. ಒಳಗೆ ಕಸ್ತೂರಿ ಒಮ್ಮೆ ಜೋರಾಗಿ ಕೂಗಿ ಸುಮ್ಮನಾದಳು. ಆ ಸುಮ್ಮನಿರುವುದು ಉದ್ದವಾಗುತ್ತ ಹೋಯಿತು. ದುಂಡವ್ವನ ತುಟಿ ಬಿಳಿಚಿಕೊಂಡಿತು. ನನ್ನ ಅಂಗೈಯ ಕೂಸು ತಣ್ಣಗಾಗುತ್ತಲೇ ಇತ್ತು.

ಆಮೇಲೆ ಕೂಸು ಅತ್ತಿತು. ಸಣ್ಣ, ಸಿಟ್ಟಿನ, ಜೀವವಿದ್ದ ಅಳು. ಹೆಂಗಸರೆಲ್ಲ ನನ್ನನ್ನು ತಳ್ಳಿಕೊಂಡು ಒಳಗೆ ನುಗ್ಗಿದರು. ಅಂಗಳದಲ್ಲಿ ಉಳಿದವರು ನಾನು ಮತ್ತು ದುಂಡವ್ವ. ಅವಳು ಕಂಬ ಹಿಡಿದು ನಿಂತು ಸದ್ದಿಲ್ಲದೆ ಅಳುತ್ತಿದ್ದಳು.

ಶಾವಕ್ಕ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಹೆಣ್ಣುಕೂಸು, ತಾಯಿ ಚೆನ್ನಾಗಿದ್ದಾಳೆ ಎಂದಳು. ಆಮೇಲೆ ನನ್ನನ್ನು ನೋಡಿದಳು, ನೆಲದ ಮೇಲಿನ ಬಾಟಲಿಯನ್ನು ನೋಡಿದಳು, ಕೊನೆಗೆ ನನ್ನ ಮುಂಗೈಯನ್ನು ನೋಡಿದಳು. ಹತ್ತಿರ ಬಂದು ನನ್ನ ಕೈ ಹಿಡಿದು, ದಾರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಒಮ್ಮೆ ಎಳೆದಳು. ಗಂಟು ಬಿಚ್ಚಿಕೊಂಡಿತು. ದಾರ ನೆಲಕ್ಕೆ ಬಿತ್ತು. ಬಿಸಿಲು ನನ್ನದಾಗಿ ಮರಳಿ ಬಂತು, ನಾನು ಅಲ್ಲೇ ಕುಸಿದು ಕೂತೆ.

ತಲೆಯೆತ್ತಿದಾಗ ದುಂಡವ್ವ ನಮ್ಮನ್ನೇ ನೋಡುತ್ತಿದ್ದಳು. ಒಂದೇ ಎಳೆತಕ್ಕೆ ಬಿಚ್ಚಿಕೊಂಡದ್ದನ್ನು ಅವಳು ಕಂಡಿದ್ದಳು. ಅದರ ಅರ್ಥ ನಮ್ಮೂರಿನಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. ಶಾವಕ್ಕನ ಕೈ ನನ್ನ ಹೆಗಲ ಮೇಲೆ ಬಿಗಿಯಾಯಿತು. ದುಂಡವ್ವ, ನಾವು ಚಿಕ್ಕಂದಿನಲ್ಲಿ ಕಲಿತ ಹಾಗೆ, ಮುಖ ಆಚೆ ತಿರುಗಿಸಿದಳು. ಅಡುಗೆಮನೆಗೆ ಹೋಗಿ ಇಕ್ಕಳ ತಂದಳು. ಬೇರೆ ಕಡೆ ನೋಡುತ್ತಲೇ ದಾರವನ್ನು ತಡಕಿ ಎತ್ತಿ, ಬಾಣಂತಿಗೆ ನೀರು ಕಾಯಿಸುತ್ತಿದ್ದ ಹಂಡೆಯ ಒಲೆಗೆ ಹಾಕಿದಳು.

"ನೀರು ಕಾದಾವು, ಶಾವಕ್ಕಾ," ಎಂದಳು. "ಕೂಸಿಗೆ ನೀರು ಹಾಕು ಬಾ."